ರಾಷ್ಟ್ರಗೀತೆಗೆ ಎದ್ದು ನಿಂತವರು

ವಿಜಾಪುರ ಜಿಲ್ಲೆಯ ಇಂಡಿ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಆಟದ ಮಾಸ್ತರರಿದ್ದರು. ಊರೆಲ್ಲ ಕ್ರಿಕೆಟ್ಟಿಗೆ ಮರುಳಾಗಿದ್ದಾಗ ಅವರೊಬ್ಬರು ಫುಟ್‌ಬಾಲ್ ಬಿಟ್ಟಿರಲಿಲ್ಲ. ಭಾರತ ತಂಡದ ಪಂದ್ಯ ದೂರದರ್ಶನದಲ್ಲಿ ಬರುವ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿ ಓಣಿಯವರನ್ನೆಲ್ಲ ಕರೆಯುತ್ತಿದ್ದರು. "ಸೋತ್ರೂ ನಮ್ಮವರ ಅದಾರ, ನೋಡಬೇಕ್ರಿ" ಎನ್ನುತ್ತಿದ್ದರು. ಆಟಕ್ಕೆ ಮೊದಲು ರಾಷ್ಟ್ರಗೀತೆ ಶುರುವಾದರೆ ಚಹಾದ ಬಸಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ನಾವೂ ಏಳಲೇಬೇಕು.

ಒಂದು ಸಲ ಎಲ್ಲರೂ ಬಂದು ಕೂತೆವು. ಟೀವಿಯಲ್ಲಿ ಮಾತ್ರ ದನಗಳ ಕಾಲುಬಾಯಿ ಬೇನೆಯ ಕಾರ್ಯಕ್ರಮ. ಮಾಸ್ತರರು ಮಾಳಿಗೆ ಹತ್ತಿ ಆಂಟೆನಾವನ್ನು ವಿಜಾಪುರದ ಕಡೆಗೊಮ್ಮೆ, ಸೊಲ್ಲಾಪುರದ ಕಡೆಗೊಮ್ಮೆ ತಿರುಗಿಸಿ, "ಬಂತೇನ್ರಿ?" ಎಂದು ಬೆಳಕಿಂಡಿಯಿಂದ ಕೇಳಿದರು. ಚಿತ್ರ ನಿಚ್ಚಳವಾಗಿಯೇ ಇತ್ತು, ದನಗಳದ್ದು. ಕೊನೆಗೆ ಇಳಿದು ಬಂದು, ಓಣಿಯಲ್ಲಿ ಹೊರಟಿದ್ದ ಕೇಬಲಿನವನನ್ನು ಕರೆದರು.

"ಮ್ಯಾಚ್ ರೊಕ್ಕದ ಚಾನೆಲ್‌ನ್ಯಾಗ ಐತ್ರಿ ಸರ್. ಕ್ರಿಕೆಟ್ ಆಗಿದ್ರ ತಗೊಂಡು ಹಾಕ್ತಿದ್ದೆ. ಇದನ್ನ ಯಾರ್ ನೋಡ್ತಾರ್ರಿ?"

"ನಮ್ಮ ದೇಶದ ಮ್ಯಾಚು ನಮ್ಮ ಸರಕಾರದ ಟೀವಿಯಾಗ ಬರಂಗಿಲ್ಲ?"

"ಇಲ್ರಿ."

ಮಾಸ್ತರರು ಗೋಡೆಯ ಗಡಿಯಾರ ನೋಡಿದರು. ಆಟದ ಹೊತ್ತಾಗಿತ್ತು. ಎತ್ತಿನ ಬಾಯಿಗೆ ಔಷಧಿ ಹಚ್ಚುವುದನ್ನು ತೋರಿಸುತ್ತಿದ್ದ ಟೀವಿಯ ಎದುರು ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ಯಾಕೆಂದು ಕೇಬಲಿನವನಿಗೆ ತಿಳಿಯಲಿಲ್ಲ. ನಾವು ಒಬ್ಬೊಬ್ಬರಾಗಿ ಎದ್ದೆವು. ರಾಷ್ಟ್ರಗೀತೆ ಮುಗಿಯುವಷ್ಟು ಹೊತ್ತು ಹಾಗೇ ನಿಂತಿದ್ದೆವು.

ಆಮೇಲೆ ಅವರು ಎಂದೂ ಜಮಖಾನೆ ಹಾಸಲಿಲ್ಲ. ಶಾಲೆಯಲ್ಲಿ ಹುಡುಗರು ಫುಟ್‌ಬಾಲ್ ಕೇಳಿದರೆ ಕೋಣೆಯಿಂದ ಬ್ಯಾಟು ತಂದು ಕೊಡುತ್ತಿದ್ದರು.

"ಇದನ್ನ ಆಡ್ರಿ. ಅದನ್ನ ಯಾರ್ ನೋಡ್ತಾರ?"