ನಾನು ಹೊರದ ಹರಕೆ

ಅನ್ನದ ಬಕೆಟ್ಟು ನನ್ನ ಎಲೆಯ ಹತ್ತಿರ ಬಂದಾಗ ಬಡಿಸುತ್ತಿದ್ದವರು ಅದನ್ನು ಈಚೆ ಕೈಯಿಂದ ಆಚೆ ಕೈಗೆ ಬದಲಾಯಿಸಿಕೊಂಡರು. ಸೌಟನ್ನು ಬಕೆಟ್ಟಿನೊಳಗೆ ಅದುಮಿ ಹಿಡಿದರು. ಒಂದು ಅಗುಳೂ ಹಾರಿ ನನ್ನ ಎಲೆಗೆ ಬೀಳಬಾರದೆಂದು. ನನ್ನನ್ನು ದಾಟಿದ ಮೇಲೆ ಮತ್ತೆ ಕೈ ಬದಲಾಯಿಸಿ ಪಕ್ಕದವರಿಗೆ ಎರಡು ಸೌಟು ಹಾಕಿದರು.

ಅದು ನಮ್ಮ ಕಡೂರಿನ ಒಂದು ಕಲ್ಯಾಣ ಮಂಟಪ, ದೂರದ ನೆಂಟರ ಮದುವೆ. ಬಡಿಸುತ್ತಿದ್ದವರು ನನಗೆ ಪರಿಚಯದವರೂ ಅಲ್ಲ. ಆದರೂ ಅವರಿಗೆ ನನ್ನ ವಿಷಯ ಗೊತ್ತಿತ್ತು. ನಾನು ಮನೆದೇವರಿಗೆ ಹರಕೆ ಹೊತ್ತಿದ್ದೇನೆ, ಮದುವೆ ಗೊತ್ತಾಗುವ ತನಕ ಅನ್ನ ಮತ್ತು ಮುದ್ದೆ ಮುಟ್ಟುವುದಿಲ್ಲ ಎಂದು ಊರಿನ ಅರ್ಧ ಜನಕ್ಕೆ ಗೊತ್ತಿತ್ತು.

ನಾನು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ನಾನು ಮಾಡುತ್ತಿದ್ದದ್ದು ಕೀಟೊ ಡಯಟ್.

ಈ ಬರಹದಲ್ಲಿ ಒಂದು ಮಾತನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ನನ್ನ ಮುಟ್ಟು ಎರಡು ವರ್ಷದಿಂದ ಸರಿಯಾಗಿರಲಿಲ್ಲ. ಮೂರು ತಿಂಗಳಿಗೊಮ್ಮೆ, ಒಂದು ಸಲ ಐದು ತಿಂಗಳಿಗೆ. ಶಿವಮೊಗ್ಗದ ಡಾಕ್ಟರು ತೂಕ ಇಳಿಸಲು ಹೇಳಿದರು. ಕೀಟೊ ಮಾಡಲೇ ಎಂದು ನಾನೇ ಕೇಳಿದೆ. ರಕ್ತ ಪರೀಕ್ಷೆಯ ವರದಿ ನೋಡಿ, ಆರು ತಿಂಗಳು ಮಾಡಿ ನೋಡೋಣ, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅಂದರು. ಇದು ಎಲ್ಲರಿಗೂ ಒಗ್ಗುತ್ತದೆಂದು ನಾನು ಹೇಳುತ್ತಿಲ್ಲ. ರಸಾಯನಶಾಸ್ತ್ರ ಓದಿದವಳು, ತರೀಕೆರೆಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವವಳು. ನನ್ನ ದೇಹದಲ್ಲಿ ಏನು ನಡೆಯುತ್ತದೆ ಎಂಬುದನ್ನು ಅಳೆದು ನೋಡುವುದು ನನಗೆ ಕಷ್ಟವಾಗಿ ಕಾಣಲಿಲ್ಲ.

ಕಷ್ಟವಾದದ್ದು ಅಮ್ಮನಿಗೆ. ಅನ್ನ, ರಾಗಿ, ಗೋಧಿ, ಬೆಲ್ಲ, ಬಾಳೆಹಣ್ಣು ಇಲ್ಲ. ಬೆಣ್ಣೆ, ತುಪ್ಪ, ಪನೀರು, ಸೊಪ್ಪು, ಕೊಬ್ಬರಿ ಆಗಬಹುದು ಎಂದು ಹೇಳಿದಾಗ ಅವಳು ಡಾಕ್ಟರಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ಬೆಣ್ಣೆ ತಿಂದು ಸಣ್ಣಗಾದವರನ್ನು ತಾನು ಈ ಜನ್ಮದಲ್ಲಿ ನೋಡಿಲ್ಲವೆಂದಳು. ಆದರೂ ತೆಂಗಿನಕಾಯಿಗೆ ನಮ್ಮಲ್ಲಿ ಬರವಿಲ್ಲ. ದಿನಾ ಬೆಳಿಗ್ಗೆ ಅರ್ಧ ಹೋಳು ತುರಿದು ನನ್ನ ಸೊಪ್ಪಿಗೆ ಹಾಕುತ್ತಿದ್ದಳು. ಯಾಕೆ ಈ ಡಯಟ್ ಎಂಬುದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅಪ್ಪನಿಗೆ ಹೇಳಬೇಡ ಎಂದಿದ್ದಳು. ನಾನೂ ಹೇಳುವವಳಲ್ಲ.

ಮೊಬೈಲಿನಲ್ಲಿ ಕೀಟೊ ಮಾಡುವವರ ಒಂದು ಗುಂಪಿಗೆ ಸೇರಿದ್ದೆ. ಅಲ್ಲಿ ಪ್ರತಿ ಭಾನುವಾರ ಚೀಟ್ ಡೇ. ಆರು ದಿನ ಪಥ್ಯ ಮಾಡಿದವರು ಏಳನೆಯ ದಿನ ಬಿರಿಯಾನಿ, ಗುಲಾಬ್ ಜಾಮೂನು, ಬೆಣ್ಣೆ ದೋಸೆಯ ಫೋಟೊ ಹಾಕಿ, ಇದು ನನಗೆ ನಾನೇ ಕೊಟ್ಟುಕೊಂಡ ಬಹುಮಾನ ಎಂದು ಬರೆಯುತ್ತಿದ್ದರು. ಮಿಕ್ಕವರು ಚಪ್ಪಾಳೆ ಹಾಕುತ್ತಿದ್ದರು. ಸೋಮವಾರ ಅವರೇ ಅಳುಮುಖದ ಚಿತ್ರ ಹಾಕಿ ತೂಕ ಏರಿತೆಂದು ಬರೆಯುತ್ತಿದ್ದರು. ನಾನು ಓದುತ್ತಿದ್ದೆ, ಏನೂ ಬರೆಯುತ್ತಿರಲಿಲ್ಲ.

ಬಹುಮಾನ ಎಂಬುದು ನನಗೆ ಸರಿಬರಲಿಲ್ಲ. ಅದಕ್ಕೆ ಕಾರಣವಿದೆ. ಚಿಕ್ಕಂದಿನಲ್ಲಿ ನನ್ನ ಎಲ್ಲ ಬಹುಮಾನಗಳೂ ತಿನ್ನುವಂಥವೇ. ಮೊದಲ ಸ್ಥಾನ ಬಂದರೆ ಬಸ್ ಸ್ಟ್ಯಾಂಡಿನ ಬೇಕರಿಯಿಂದ ಅಪ್ಪ ಇಡೀ ದಿಲ್‌ಪಸಂದ್ ತರುತ್ತಿದ್ದರು, ಎರಡನೆಯ ಸ್ಥಾನಕ್ಕೆ ಅರ್ಧ. ಒಂದು ವರ್ಷ ನಾಲ್ಕನೆಯವಳಾದೆ. ಅಪ್ಪ ಬೈಯಲಿಲ್ಲ, ಬರಿಗೈಯಲ್ಲಿ ಬಂದರು. ಆ ಸಂಜೆಯ ಖಾಲಿ ಕೈಗಳು ನನಗೆ ಇವತ್ತಿಗೂ ಕಾಣುತ್ತವೆ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನನಗೆ ನಾನೇ ಅಂಕ ಹಾಕಿ, ಪಾಸಾದರೆ ಸಿಹಿ, ಫೇಲಾದರೆ ಖಾಲಿ ಕೈ ಎಂಬ ಆಟವನ್ನು ಮತ್ತೆ ಶುರುಮಾಡಲು ಮನಸ್ಸಿರಲಿಲ್ಲ. ಹಾಗಾಗಿ ಮೊದಲ ಎರಡು ತಿಂಗಳು ಒಂದು ದಿನವೂ ಪಥ್ಯ ಬಿಡಲಿಲ್ಲ.

ಕಾಲೇಜಿನಲ್ಲಿ ನನ್ನ ಪಕ್ಕದ ಮೇಜಿನವರು ಉರ್ದು ಪಾಠ ಮಾಡುತ್ತಾರೆ. ತರೀಕೆರೆಯವರೇ, ಮನೆಯವರ ಜೊತೆ ಫೋನಿನಲ್ಲಿ ದಖ್ಖನಿ, ನನ್ನ ಜೊತೆ ನನಗಿಂತ ಚೆನ್ನಾದ ಕನ್ನಡ. ನನ್ನ ಡಬ್ಬಿಯ ಪನೀರು ನೋಡಿ ನೋಡಿ ಅವರಿಗೇ ಬೇಜಾರಾಗಿತ್ತು. ಚೀಟ್ ಡೇ ಬಗ್ಗೆ ನನ್ನ ತಕರಾರನ್ನೆಲ್ಲ ಕೇಳಿಸಿಕೊಂಡು ಒಂದು ದಿನ ಹೇಳಿದರು: "ನಾವು ರಂಜಾನ್ ತಿಂಗಳಿಡೀ ರೋಜಾ ಇರ್ತೀವಿ ಮೇಡಂ. ಸಂಜೆ ಖರ್ಜೂರ ಬಾಯಿಗಿಟ್ರೆ ಅದನ್ನ ಯಾರೂ ಮೋಸ ಅನ್ನಲ್ಲ, ಬಹುಮಾನಾನೂ ಅನ್ನಲ್ಲ. ಬಿಡೋ ಹೊತ್ತೂ ರೋಜಾದೊಳಗೇ ಇದೆ. ನಿಮ್ಮ ಡಯಟ್ಟಿಗೆ ಬಿಡೋ ಹೊತ್ತೇ ಇಲ್ವಲ್ಲ, ಅದು ಜೈಲು ಕಣ್ರೀ."

ನಾನು ಆಗ ಒಪ್ಪಲಿಲ್ಲ. ಆದರೆ ಬಸ್ಸಿನಲ್ಲಿ ಕಡೂರು ಮುಟ್ಟುವವರೆಗೂ ಅದನ್ನೇ ಯೋಚಿಸಿದೆ. ಮುಂದಿನ ತಿಂಗಳು ಡಾಕ್ಟರನ್ನು ಕೇಳಿದೆ. ತಿಂಗಳಿಗೆ ಒಂದು ಊಟಕ್ಕೆ ಬೇಕಾದರೆ ಪಥ್ಯ ಬಿಡಿ, ಅದರ ಬೆನ್ನಿಗೆ ಇನ್ನೊಂದು ಬೇಡ ಅಂದರು. ನಾನು ಒಂದು ನಿಯಮ ಮಾಡಿಕೊಂಡೆ. ದಿನ ಮೊದಲೇ ಗೊತ್ತಾಗಿರಬೇಕು. ತೂಕ ಇಳಿದಿರಲಿ, ಏರಿರಲಿ, ಆ ದಿನ ಆ ದಿನವೇ. ಒಂದೇ ಊಟ. ಏನು ತಿನ್ನಬೇಕೆಂದು ಯೋಚಿಸಲೇ ಬೇಕಾಗಲಿಲ್ಲ. ನನಗೆ ಹೋಳಿಗೆಯ ಆಸೆ ಇರಲಿಲ್ಲ, ದಿಲ್‌ಪಸಂದಿನದೂ ಇರಲಿಲ್ಲ. ಬೇಕಾಗಿದ್ದದ್ದು ಬಿಸಿ ರಾಗಿಮುದ್ದೆ, ಜೊತೆಗೆ ಅವರೆಕಾಳಿನ ಸಾರು. ಅವರೆ ಬರುವ ಕಾಲಕ್ಕೆ ಸರಿಯಾಗಿ ಒಂದು ಭಾನುವಾರವನ್ನು ಆರಿಸಿಕೊಂಡೆ.

ಅಷ್ಟರೊಳಗೆ ಹರಕೆ ಹುಟ್ಟಿತು.

ತರೀಕೆರೆಯಲ್ಲಿ ಒಂದು ನಾಮಕರಣ. ಹೆಂಗಸರ ಪಂಕ್ತಿಯಲ್ಲಿ ನಾನು ಪಲ್ಯ, ಕೋಸಂಬರಿ ಮತ್ತು ತುಪ್ಪದೊಂದಿಗೆ ಕೂತಿದ್ದೆ. ಎದುರಿನವರೊಬ್ಬರು ಎಲ್ಲರಿಗೂ ಕೇಳುವಂತೆ, ಮಗಳಿಗೆ ಶುಗರ್ರಾ ಎಂದು ಅಮ್ಮನನ್ನು ಕೇಳಿದರು. ಮದುವೆಯಾಗದ ಹುಡುಗಿಯ ವಿಷಯದಲ್ಲಿ ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅಮ್ಮನಿಗೆ ಗೊತ್ತು. ಅವಳ ಬಾಯಿಂದ ಥಟ್ಟನೆ ಬಂತು: "ಇಲ್ಲ ಕಣ್ರೀ, ಹರಕೆ ಹೊತ್ತವಳೆ. ಅನ್ನ ಮುದ್ದೆ ಬಿಟ್ಟವಳೆ."

 ಕೇಳಿದವರು ಎಡಗೈಯಿಂದ ಕೆನ್ನೆ ಮುಟ್ಟಿಕೊಂಡರು. ಎರಡು ತಿಂಗಳಿಂದ ಸ್ವಲ್ಪ ತಿನ್ನೇ, ಒಂದು ತುತ್ತಿಗೆ ಏನಾಗುತ್ತೆ ಎಂದು ಪೀಡಿಸುತ್ತಿದ್ದ ಹೆಂಗಸರು ಒಮ್ಮೆಗೇ ನನ್ನನ್ನು ಬಿಟ್ಟುಬಿಟ್ಟರು. ಡಾಕ್ಟರ ಮಾತಿಗಿಲ್ಲದ ಮರ್ಯಾದೆ ದೇವರ ಹೆಸರಿಗೆ ಸಿಕ್ಕಿತು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಹಗುರವಾಯಿತು. ಅಲ್ಲೇ ಅಲ್ಲಗಳೆಯಬೇಕಿತ್ತು, ಅಲ್ಲಗಳೆಯಲಿಲ್ಲ. ತಪ್ಪು ಅಮ್ಮನದು ಎಷ್ಟೋ ನನ್ನದೂ ಅಷ್ಟೇ.

ಅಜ್ಜಂಪುರದಲ್ಲಿರುವ ದೊಡ್ಡಮ್ಮ, ಅಮ್ಮನ ಅಕ್ಕ, ಈ ಸುದ್ದಿಗೆ ಉಳಿದದ್ದನ್ನು ಸೇರಿಸಿದಳು. ಹರಕೆ ಅಂದಮೇಲೆ ಯಾವುದಕ್ಕೆ ಎಂದು ಇರಬೇಕಲ್ಲ. ಮದುವೆಗೇ ಇರಬೇಕು. ನೆಂಟರಿಗೆಲ್ಲ ಹಾಗೇ ಹೇಳಿದಳು. ನಾನು ಸಣ್ಣಗಾಗುತ್ತಿರುವುದು ಗಂಡಿಗಾಗಿ ಮಾಡುತ್ತಿರುವ ತಪಸ್ಸು ಎಂದಾಯಿತು.

ಆಮೇಲೆ ಫಲಾರ ಬರಲು ಶುರುವಾಯಿತು. ನಮ್ಮ ಕಡೆಯ ಒಪ್ಪತ್ತಿನ ಲೆಕ್ಕದಲ್ಲಿ ಅನ್ನ ಬಿಟ್ಟವರಿಗೆ ಉಪ್ಪಿಟ್ಟು ನಡೆಯುತ್ತದೆ, ಅವಲಕ್ಕಿ ನಡೆಯುತ್ತದೆ, ಸಬ್ಬಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ ಎಲ್ಲವೂ ನಡೆಯುತ್ತವೆ. ನಡೆಯುವುದಷ್ಟೇ ಅಲ್ಲ, ವ್ರತದಲ್ಲಿರುವವಳಿಗೆ ಅವನ್ನು ಮಾಡಿ ಕೊಟ್ಟರೆ ಕೊಟ್ಟವರಿಗೂ ಪುಣ್ಯ. ಹೋದ ಮನೆಗಳಲ್ಲೆಲ್ಲ ನನಗೆಂದೇ ಬೇರೆ ಬಟ್ಟಲು. ಯಗಟಿಯ ನೆಂಟರು ಬಸ್ಸಿನಲ್ಲಿ ಕೊಟ್ಟುಕಳಿಸಿದ ರಸಾಯನ ಅರ್ಧ ಕ್ಯಾನು ಇತ್ತು. ಅನ್ನವನ್ನು ಬೇಡವೆಂದರೆ ಹಟಮಾರಿ ಎನ್ನುತ್ತಿದ್ದರು. ಫಲಾರವನ್ನು ಬೇಡವೆಂದರೆ ದೇವರಿಗೇ ಬೇಡವೆಂದಂತೆ. ಎರಡು ಸಲ ತಿಂದೆ, ನಾಲ್ಕು ಸಲ ಕರವಸ್ತ್ರದಲ್ಲಿ ಅಡಗಿಸಿದೆ. ನಾನು ತಿಂಗಳಿಗೊಂದು ಊಟ ಎಂದು ಅಳೆದು ಇಟ್ಟುಕೊಂಡಿದ್ದರೆ ವಾರಕ್ಕೆರಡು ಚೀಟ್ ಡೇಗಳನ್ನು ಊರಿನವರು ಭಕ್ತಿಯಿಂದ ಬಡಿಸುತ್ತಿದ್ದರು. ಇಳಿದಿದ್ದ ಆರು ಕಿಲೋದಲ್ಲಿ ಎರಡು ವಾಪಸು ಬಂತು. ತೂಕಕ್ಕಿಂತ ನನ್ನನ್ನು ಕೆರಳಿಸಿದ್ದು ಬೇರೆ. ಆ ತಿಂಗಳು ಇಪ್ಪತ್ತೊಂಬತ್ತನೆಯ ದಿನಕ್ಕೆ ನನ್ನ ಮುಟ್ಟು ಬಂದಿತ್ತು, ಎರಡು ವರ್ಷದಲ್ಲಿ ಮೊದಲ ಸಲ. ಅದು ನಾನು ಗಳಿಸಿದ್ದು. ಅದನ್ನು ಒಯ್ದು ಇನ್ನೂ ಕಾಣದ ಯಾವನೋ ಗಂಡಿನ ಹೆಸರಿಗೆ ಬರೆಯುತ್ತಿದ್ದರು.

ನಾನು ಆರಿಸಿಕೊಂಡಿದ್ದ ಭಾನುವಾರವೇ ದೊಡ್ಡಮ್ಮ ಎಲ್ಲರನ್ನೂ ಅಜ್ಜಂಪುರಕ್ಕೆ ಊಟಕ್ಕೆ ಕರೆದಳು. ಅವರೆಕಾಳಿನ ಸಾರು, ಮುದ್ದೆ. ಬಸ್ಸಿನಲ್ಲಿ ಅಮ್ಮನಿಗೆ, ಇವತ್ತು ನಾನು ಮುದ್ದೆ ತಿನ್ನುವ ದಿನ, ತಿನ್ನುತ್ತೇನೆ ಎಂದು ಹೇಳಿದೆ. ಮನೆಗೆ ಹೋಗಿ ರಾತ್ರಿಗೆ ಮಾಡಿಕೊಡುತ್ತೇನೆ, ಅವರೆದುರು ಬೇಡ ಎಂದಳು. ಹರಕೆ ಮುರಿದಳು ಅನ್ನುತ್ತಾರೆ, ಇಲ್ಲವೇ ತಾನು ಸುಳ್ಳಿ ಅನ್ನುತ್ತಾರೆ, ಎರಡರಲ್ಲಿ ಒಂದು ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಕಿಟಕಿಯ ಕಡೆ ತಿರುಗಿದೆ.

ನಡುಮನೆಯಲ್ಲಿ ಹತ್ತು ಹನ್ನೆರಡು ಜನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು. ದೊಡ್ಡಮ್ಮ ಎಲ್ಲರಿಗೂ ಮುದ್ದೆ ಇಟ್ಟು ನನ್ನ ಮುಂದೆ ದ್ರಾಕ್ಷಿ ಗೋಡಂಬಿ ತೇಲುತ್ತಿದ್ದ ಸಬ್ಬಕ್ಕಿ ಪಾಯಸದ ಬಟ್ಟಲು ಇಟ್ಟಳು. ನಾನು ಎದ್ದು ಅಡುಗೆಮನೆಗೆ ಹೋದೆ. ಹಾಟ್‌ಬಾಕ್ಸಿನಿಂದ ಒಂದು ಮುದ್ದೆ ತಟ್ಟೆಗೆ ಹಾಕಿಕೊಂಡು, ಸಾರು ಬಡಿಸಿಕೊಂಡು ಬಂದು ಕೂತೆ.

"ಏನೇ ಇದು," ಅಂದಳು ದೊಡ್ಡಮ್ಮ. "ಹರಕೆ?"

"ನಾನು ಯಾವ ಹರಕೇನೂ ಹೊತ್ತಿಲ್ಲ ದೊಡ್ಡಮ್ಮ."

"ಮತ್ತೆ ನಿಮ್ಮಮ್ಮ ಹೇಳಿದ್ದು?"

ಅಮ್ಮ ತಟ್ಟೆ ನೋಡುತ್ತಿದ್ದಳು. "ನನ್ನ ಮರ್ಯಾದೆ ಉಳಿಸೋಕೆ ಹೇಳಿದ್ಲು," ಅಂದೆ. "ನನಗೆ ಮುಟ್ಟು ಸರಿಯಾಗಿ ಆಗ್ತಿರಲಿಲ್ಲ. ಡಾಕ್ಟರಿಗೆ ತೋರಿಸ್ಕೊಂಡು ಊಟ ಬದಲಾಯಿಸಿದೀನಿ. ಈಗ ಸರಿಯಾಗ್ತಿದೆ. ಯಾವ ಗಂಡಿಗೋಸ್ಕರಾನೂ ಅಲ್ಲ."

ಗಂಡಸರ ಸಾಲಿನಲ್ಲಿ ಯಾರೋ ನೀರಿನ ಲೋಟ ಎತ್ತಿಕೊಂಡರು. ಅಪ್ಪ ಸಾರಿನಲ್ಲಿ ಅವರೆಕಾಳು ಹುಡುಕುತ್ತಿದ್ದರು. ನಾನು ಕಾಲೇಜಿನ ಗೆಳತಿಯರಿಗೂ ಹೇಳದ ಮಾತು ಅದು.

ದೊಡ್ಡಮ್ಮ ಸುಲಭಕ್ಕೆ ಬಿಡುವವಳಲ್ಲ. "ಸರಿ ಕಣಮ್ಮ, ಡಾಕ್ಟ್ರು ಬೇಡ ಅಂದ ಮುದ್ದೇನ ಇವತ್ತು ಯಾಕೆ ತಿಂತಿದೀಯ? ಅದೂ ಸುಳ್ಳೇ?"

"ಡಾಕ್ಟ್ರು ತಿಂಗಳಿಗೊಂದು ಊಟ ತಿನ್ನೋಕೆ ಬಿಟ್ಟವ್ರೆ. ಯಾವ ದಿನ ಅಂತ ನಾನು ಇಟ್ಕೊಂಡಿದೀನಿ. ಇವತ್ತು."

"ಯಾರನ್ನ ಕೇಳಿ ಇಟ್ಕೊಂಡೆ?"

"ಯಾರನ್ನೂ ಕೇಳ್ಲಿಲ್ಲ."

ಅಷ್ಟು ಹೇಳಿ ಮುದ್ದೆ ಮುರಿದೆ. ಬಹಳ ರುಚಿಯಾಗಿತ್ತು ಎಂದು ಬರೆಯಲು ಆಸೆ. ಆದರೆ ಮೊದಲ ನಾಲ್ಕು ತುತ್ತುಗಳ ರುಚಿಯೇ ಗೊತ್ತಾಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಐದನೆಯ ತುತ್ತಿಗೆ ರಾಗಿ ರಾಗಿಯಾಯಿತು, ಸಾರಿನ ಬೆಳ್ಳುಳ್ಳಿ ಮೂಗಿಗೆ ಬಂತು. ಪೂರ್ತಿ ತಿಂದೆ. ಇನ್ನೊಂದಕ್ಕೆ ಕೈ ಚಾಚಲಿಲ್ಲ. ಪಾಯಸದ ಬಟ್ಟಲನ್ನು ಮುಟ್ಟಲಿಲ್ಲ. ಅದನ್ನು ಕೊನೆಗೆ ದೊಡ್ಡಮ್ಮನೇ ಎತ್ತಿಕೊಂಡು ಹೋಗಿ ನಿಂತುಕೊಂಡೇ ಕುಡಿದಳು.

ವಾಪಸು ಬರುವಾಗ ಬಸ್ಸು ಬೀರೂರು ದಾಟಿತು. ಆಮೇಲೆ ಅಮ್ಮ, ಮುಂದಿನ ಸೀಟಿನಲ್ಲಿದ್ದ ಅಪ್ಪನಿಗೆ ಕೇಳದ ಹಾಗೆ ಅಂದಳು: "ಇನ್ನು ನಾನು ಏನು ಹೇಳಿದ್ರೂ ಯಾರು ನಂಬ್ತಾರೆ?"

"ನಿಜ ಹೇಳಿದ್ರೆ ನಂಬ್ತಾರೆ," ಅಂದೆ.

ಒರಟು ಮಾತು. ಅವಳು ಸುಳ್ಳು ಹೇಳಿದ್ದು ತನಗಾಗಿ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಹಿಂತೆಗೆದುಕೊಳ್ಳಲಿಲ್ಲ. ಹಿಂತೆಗೆದುಕೊಂಡಿದ್ದರೆ ಮುಂದಿನ ಮದುವೆಮನೆಯಲ್ಲಿ ಹರಕೆ ಮತ್ತೆ ನನ್ನ ಎಲೆಯ ಪಕ್ಕ ಬಂದು ಕೂರುತ್ತಿತ್ತು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಎದ್ದೆ. ತೂಕ ನೋಡಲಿಲ್ಲ, ಅದಕ್ಕೆ ಬೇರೆ ದಿನವಿದೆ. ಪಾಲಕ್ ತೊಳೆದು ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿದೆ, ಕಾಯಿ ನಾನೇ ತುರಿದುಕೊಂಡೆ. ಅಮ್ಮ ಪೂಜೆ ಮುಗಿಸಿ ಬಂದು ಹಾಲು ಕಾಯಿಸಲು ನಿಂತಳು. ಡಬ್ಬಿ ಕಟ್ಟಿದ ಮೇಲೆ ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿದೆ. ಅಮ್ಮನ ಒಪ್ಪತ್ತುಗಳೂ ಗ್ಯಾಸ್ ಸಿಲಿಂಡರಿನ ದಿನಗಳೂ ಅದರಲ್ಲಿ ಇರುತ್ತವೆ, ಬಂದವರೆಲ್ಲ ನೋಡುತ್ತಾರೆ. ಮುಂದಿನ ತಿಂಗಳ ಎರಡನೆಯ ಭಾನುವಾರದ ಚೌಕದಲ್ಲಿ ಪೆನ್ನಿನಿಂದ 'ಮುದ್ದೆ' ಎಂದು ಬರೆದು, ಏಳೂವರೆಯ ಬಸ್ಸಿಗೆ ಹೊರಟೆ.