ಮೇ ತಿಂಗಳ ಅಕ್ಕೋರು

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಸವೆದು ಚಪ್ಪಟೆಯಾಗಿತ್ತು. ಮಕ್ಕಳ ಪುಸ್ತಕಗಳಿಗೆ ಬೈಂಡ್ ಹಾಕುವಾಗ ಕಂದು ಕಾಗದದ ಮಡಿಕೆಯನ್ನು ಅವರು ಆ ಉಗುರಿನಿಂದಲೇ ಒತ್ತಿ ತೀಡುತ್ತಿದ್ದರು.

ಬಿಜಾಪುರ ಕಡೆಯವರು. ಗಂಡನ ಸರ್ಕಾರಿ ನೌಕರಿಯ ಜೊತೆ ಹೈದರಾಬಾದಿಗೆ ಬಂದು, ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಅವರ ಕಡೆ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ತೆಲುಗು ಮಕ್ಕಳು ಅದೇ ಅವರ ಹೆಸರೆಂದು ತಿಳಿದು ‘ಅಕ್ಕೋರ್ ಆಂಟಿ’ ಎನ್ನುತ್ತಿದ್ದವು. ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಏಳುತ್ತಿದ್ದ ಕಾಲ ಅದು. ಮೈಸೂರಿನಿಂದ ಬಂದ ನಾನೂ ನನ್ನ ಗಂಡನೂ ಬೆಳಿಗ್ಗೆ ಮಾದಾಪುರದ ಕ್ಯಾಬ್ ಹತ್ತಿದರೆ, ಮಗಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬ ಆಯಾ ಮಾತ್ರ.

ಮೇ ತಿಂಗಳು ಬಂತೆಂದರೆ ಅಕ್ಕೋರ ಹಾಲ್‌ನಲ್ಲಿ ಸುಳ್ಳು ಶಾಲೆ ಶುರುವಾಗುತ್ತಿತ್ತು. ಜೂನ್‌ನಲ್ಲಿ ಹೊಸ ಶಾಲೆ ಸೇರುವ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದವು. ಡಬ್ಬಿಯ ಮುಚ್ಚಳ ತಾವೇ ತೆಗೆಯಬೇಕು, ಬೂಟಿನ ಲೇಸ್ ತಾವೇ ಕಟ್ಟಬೇಕು, ಹಾಜರಿ ಕರೆದರೆ ಎದ್ದು ನಿಲ್ಲಬೇಕು. “ಎ ಬಿ ಸಿ ಸಾಲ್ಯಾಗ ಕಲಿಸ್ತಾರ. ನೀರು ಬೇಕು, ಒಂದಕ್ಕ ಹೋಗಬೇಕು ಅನ್ನೂದು ಮಾತ್ರ ಮೂರೂ ಭಾಷಾದಾಗ ಬರಬೇಕು” ಎನ್ನುತ್ತಿದ್ದರು. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಮಕ್ಕಳು ರಾಗವಾಗಿ ಒಂದಕ್ಕೆ ಕೇಳುವುದು ಲಿಫ್ಟಿನವರೆಗೆ ಕೇಳಿಸುತ್ತಿತ್ತು.

ನನ್ನ ಮಗಳು ಒಂದನೇ ಕ್ಲಾಸಿಗೆ ಹೋಗಬೇಕಿದ್ದ ವರ್ಷ ಅವಳೂ ಅಲ್ಲಿಗೆ ಹೋದಳು. ಹತ್ತು ದಿನ ಕಳೆದಿರಬಹುದು, ಒಂದು ಭಾನುವಾರ ಅಕ್ಕೋರು ಮನೆಗೆ ಬಂದರು.

“ತಂಗಿ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಕೂಸು ನನ್ನ ಮಾರಿ ನೋಡಾಕತ್ತಿದ್ರಷ್ಟ ಉತ್ತರ ಕೊಡ್ತಾಳ. ಹಿಂದ ನಿಂತು ಕರದ್ರ ತಿರಗಂಗಿಲ್ಲ. ಸಾಲಿ ಸುರು ಆಗೂದ್ರೊಳಗ ಕಿವಿ ತೋರಿಸಿಬಿಡು.”

ಟೀವಿಯ ದನಿಯನ್ನು ಮಗಳು ದಿನದಿನಕ್ಕೆ ಏರಿಸುತ್ತಿದ್ದುದನ್ನು ನಾನೂ ನೋಡಿದ್ದೆ. ಆದರೆ ಅಷ್ಟು ಓಡಾಡಿ ಸೀಟು ಸಿಕ್ಕಿದ ದೊಡ್ಡ ಶಾಲೆ. ಮಗುವಿನಲ್ಲಿ ಏನೋ ಊನ ಇದೆ ಎಂದು ಶಾಲೆಯವರಿಗೆ ತಿಳಿದರೆ? ಆ ಭಯವೇ ಸಿಟ್ಟಾಗಿ ಹೊರಬಂತು.

“ನನ್ನ ಮಗಳಿಗೆ ಏನೂ ಆಗಿಲ್ಲ ಅಕ್ಕೋರೇ. ಆಟದಲ್ಲಿದ್ರೆ ನಾನು ಕರೆದರೂ ತಿರುಗಲ್ಲ. ಇಲ್ಲದ ಕಾಯಿಲೆ ಅಂಟಿಸಬೇಡಿ.”

ಅವರು “ಆತವಾ, ಹಂಗ ಆಗಲಿ” ಎಂದು ಎದ್ದು ಹೋದರು.

ಮರುದಿನದಿಂದ ಮಗಳನ್ನು ಕಳಿಸಲಿಲ್ಲ. ಜೂನ್‌ನಲ್ಲಿ ಮೆಟ್ಟಿಲ ಬಳಿ ಸಿಕ್ಕಾಗ ಅವರೇ, “ಕೂಸಿನ ಪುಸ್ತಕ ಕೊಡು, ಬೈಂಡ್ ಹಾಕಿ ಕೊಡ್ತೀನಿ” ಎಂದರು. ಶಾಲೆಯವರೇ ಹಾಕಿ ಕೊಟ್ಟಿದ್ದಾರೆ ಎಂದು ಸುಳ್ಳು ಹೇಳಿದೆ.

ಎತ್ತರದ ಹುಡುಗಿಯೆಂದು ಶಾಲೆಯಲ್ಲಿ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಹೇಳಿದ ಮಾತು ಕೇಳುವುದಿಲ್ಲ ಎಂದು ಡೈರಿಯಲ್ಲಿ ಮತ್ತೆ ಮತ್ತೆ ಬರೆದು ಬಂತು. ಬೆಳಿಗ್ಗೆಯಾದರೆ ಮಗಳಿಗೆ ಹೊಟ್ಟೆನೋವು. ಮನೆಯಲ್ಲೂ ಮಾತು ಕಡಿಮೆಯಾಯಿತು. ದಸರಾ ರಜೆಗೆ ಮುಂಚೆ ಒಂದು ದಿನ, ಮಿಸ್ ಹೇಳಿದ್ದನ್ನು ಯಾಕೆ ಬರೆದುಕೊಳ್ಳಲಿಲ್ಲ ಎಂದು ಅವಳ ಬೆನ್ನಿಗೆ ಹೊಡೆದೆ. ಅಳುತ್ತ ಅಂದಳು: “ಮಿಸ್ ಬೋರ್ಡ್ ಕಡೆ ತಿರುಗಿ ಮಾತಾಡ್ತಾರಮ್ಮ. ಬಾಯಿ ಕಾಣಲ್ಲ.”

ಮರುದಿನ ರಜೆ ಹಾಕಿ ಡಾಕ್ಟರ ಬಳಿ ಓಡಿದೆ. ಕಿವಿತಮಟೆಯ ಹಿಂದೆ ಎರಡೂ ಕಡೆ ನೀರು ತುಂಬಿತ್ತು. ಸಣ್ಣ ಆಪರೇಷನ್‌ನಿಂದ ಸರಿಹೋಯಿತು. ಮನೆಗೆ ಬಂದ ಮಗಳು ಮಲಗಿದಲ್ಲಿಂದ ಮೇಲೆ ನೋಡಿ, “ಅಮ್ಮ, ನಮ್ಮ ಫ್ಯಾನು ಸದ್ದು ಮಾಡುತ್ತಾ?” ಎಂದು ಕೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಂದೇ ಎರಡು ಮಹಡಿ ಇಳಿದು ಅಕ್ಕೋರ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ಏನೆಂದು ಶುರು ಮಾಡುವುದು? ಈ ವಾರ ಕೆಲಸ, ಮುಂದಿನ ವಾರ ಹೋಗೋಣ ಎನ್ನುತ್ತ ಒಂದು ತಿಂಗಳು ಕಳೆದೆ. ಅಷ್ಟರಲ್ಲಿ ತಮ್ಮ ತಂಗಿಯ ಮನೆಯ ಕಾರ್ಯಕ್ಕೆಂದು ಬಿಜಾಪುರಕ್ಕೆ ಹೋದ ಅಕ್ಕೋರು ಎದೆನೋವು ಬಂದು ಅಲ್ಲೇ ತೀರಿಕೊಂಡರು.

ಕರ್ಮಗಳೆಲ್ಲ ಮುಗಿದು ಅವರ ಯಜಮಾನರು ವಾಪಸಾದ ಮೇಲೆ ಮಾತಾಡಿಸಲು ಹೋದೆ. ಅವರೇ ಮೊದಲು ಕೇಳಿದರು: “ಕೂಸಿನ ಕಿವಿ ಈಗ ಛಲೋ ಐತಲ್ರಿ?”

ನಾನು ದಂಗಾದೆ. “ನಿಮಗೆ ಹೇಗೆ ಗೊತ್ತಾಯ್ತು?”

“ಇಕಿ ದಿನಾ ಸಾಲಿ ಬಸ್ ಬರೂ ಹೊತ್ತಿಗೆ ಬಾಲ್ಕನ್ಯಾಗ ನಿಂದರತಿದ್ಲ್ರಿ. ಕೂಸು ಇಳದು ಬೆನ್ನು ಮಾಡಿ ಹೊಂಟಾಗ ಒಮ್ಮೆ ಹೆಸರು ಹಿಡದು ಕರೀತಿದ್ಲು. ಊರಿಗೆ ಹೋಗೂಕಿಂತ ಮೊದಲ ಒಂದಿನ ಕೂಸು ತಿರಗಿ ನೋಡಿ ಕೈ ಬೀಸಿತಂತ. ಒಳಗ ಬಂದು ಭಾಳ ಅತ್ಲ್ರಿ, ಖುಷಿಗೆ.”

ನನ್ನ ಮಗಳಿಗೆ ಕೇಳಿಸುತ್ತಿದೆ ಎಂಬ ಸುದ್ದಿಯನ್ನು ಆ ಮನೆಗೆ ಬಂದು ಮೊದಲು ಹೇಳಬೇಕಾದವಳು ನಾನು. ಅಕ್ಕೋರು ಅದನ್ನು ಬಾಲ್ಕನಿಯಲ್ಲಿ ನಿಂತು ತಾವೇ ತಿಳಿದುಕೊಂಡರು.