ರಾಫೆಲ್ ಇಲ್ಲದ ವೇದಿಕೆಯಲ್ಲಿ ಫಿಡೆಲಿಸ್ ಲೋಬೊ

ದೋಹಾದಲ್ಲಿ ಕಳೆದ ಕೊನೆಯ ಐದೂವರೆ ವರ್ಷ ಫಿಡೆಲಿಸ್ ಲೋಬೊ ಅವರಿಗೆ ಡ್ರಮ್ಮರ್ ಇರಲಿಲ್ಲ. ಸೋಲ್ ಮತ್ತು ಫಂಕ್ ಸಂಗೀತದ ಪರಿಚಯವಿಲ್ಲದವರಿಗೆ ಇದು ದೊಡ್ಡ ಕೊರತೆ ಅನ್ನಿಸಲಿಕ್ಕಿಲ್ಲ. ಸೋಲ್ ಎಂಬುದು ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಳಿಂದ ಹೊರಬಂದು ಪ್ರೀತಿ, ವಿರಹ, ಸಿಟ್ಟುಗಳನ್ನೂ ಹಾಡಲು ಕಲಿತ ಸಂಗೀತ. ಫಂಕ್ ಅದರ ಮಗ್ಗುಲಲ್ಲೇ ಬೆಳೆದದ್ದು, ಕೂತವರನ್ನು ಕೂರಲು ಬಿಡದ್ದು. ಇವೆರಡರಲ್ಲೂ ಹಾಡುವವರಿಗಿಂತ ಮೊದಲು ಬೇಸ್ ಗಿಟಾರ್ ಮತ್ತು ಡ್ರಮ್ ನುಡಿಸುವ ಇಬ್ಬರು ಒಬ್ಬರಿಗೊಬ್ಬರು ಒಗ್ಗಬೇಕು. ಎಲ್ಲಿ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಬೇಸ್ ನುಡಿಸುವವನು ಡ್ರಮ್ಮರನ ಭುಜ ನೋಡಿ ತಿಳಿಯುತ್ತಾನೆ. ಕೊಲ್ಲಿಯ ಹೋಟೆಲುಗಳಲ್ಲಿ ಗಿಟಾರ್ ಹಿಡಿದ ಕರಾವಳಿಯವರು ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ಕೇಳಿದ್ದನ್ನೆಲ್ಲ ನುಡಿಸಿದರು. ಲೋಬೊ ಅವರು ಇಪ್ಪತ್ತಮೂರು ವರ್ಷ ಈ ಒಂದು ಸಂಗೀತವನ್ನೇ ನುಡಿಸಿದರು. ಅರವತ್ತು ತುಂಬಿ, ವೀಸಾ ಮುಗಿದು, ಈ ತಿಂಗಳು ಅವರು ಊರಿಗೆ ಹೊರಟಿದ್ದಾರೆ. ದೋಹಾದ ಕನ್ನಡಿಗರು ಪ್ರೀತಿಯಿಂದ ಹೊರತರುತ್ತಿರುವ ಈ ಗ್ರಂಥದಲ್ಲಿ ಅವರ ಕಲೆಯ ಬಗ್ಗೆ ಬಲ್ಲವರು ಬರೆದಿದ್ದಾರೆ. ಈ ಲೇಖನ ಅವರ ಜೊತೆಗಾರನ ಜಾಗದ ಬಗ್ಗೆ.

ಲೋಬೊ ಅವರು ಮಂಗಳೂರಿನ ಕುಲಶೇಖರದವರು. ಇಗರ್ಜಿಯ ಗಾಯನ ತಂಡದಲ್ಲಿ ಗಿಟಾರ್ ಕಲಿತರು, ಇಪ್ಪತ್ತರ ಹರೆಯದಲ್ಲಿ ಬೊಂಬಾಯಿಗೆ ಹೋದರು. ಅಲ್ಲಿನ ಒಂದು ಹೋಟೆಲಿನ ತಂಡದಲ್ಲಿ ಬೇಸ್ ನುಡಿಸುತ್ತಿದ್ದವನು ಹಡಗಿನ ಕೆಲಸ ಸಿಕ್ಕಿ ಬಿಟ್ಟುಹೋದ. ಗಿಟಾರಿನವರು ನಾಲ್ವರಿದ್ದರು, ಬೇಸಿಗೆ ಯಾರೂ ಇರಲಿಲ್ಲ. ಹಾಗಾಗಿ ಇವರ ಕೈಗೆ ಬೇಸ್ ಬಂತು. ೧೯೮೬ರಲ್ಲಿ ದೋಹಾದ ಒಂದು ಹೋಟೆಲಿಗೆ ನುಡಿಸಲು ಬಂದರು. ವೀಸಾದಲ್ಲಿ ಅವರ ಕಸುಬು ವೇಟರ್ ಎಂದಿತ್ತು. ಇಪ್ಪತ್ತಮೂರು ವರ್ಷದಲ್ಲಿ ಅವರು ಯಾರ ಮುಂದೆಯೂ ಒಂದು ಲೋಟ ಇಟ್ಟವರಲ್ಲ.

ಡ್ರಮ್ಮರ್ ರಾಫೆಲ್ ಪಿಂಟೊ ಅವರು ಬಂದದ್ದು ಎಂಟು ವರ್ಷಗಳ ನಂತರ, ಬಜಪೆಯಿಂದ. ಇಬ್ಬರೂ ದೋಹಾ ಅಲ್ ಜದೀದಾದ ಒಂದು ಫ್ಲ್ಯಾಟಿನಲ್ಲಿ, ಎರಡು ಮಂಚದ ಒಂದು ಕೋಣೆಯಲ್ಲಿ ಇದ್ದರು. ರಾಫೆಲ್ ಅವರ ಹೊಡೆತದಲ್ಲಿ ಒಂದು ವಿಶೇಷವಿತ್ತು. ಬೀಳಬೇಕಾದ ಕ್ಷಣಕ್ಕಿಂತ ಕೂದಲೆಳೆಯಷ್ಟು ತಡವಾಗಿ ಅವರ ಎಡಗೈ ಬೀಳುತ್ತಿತ್ತು. ತಾಳ ತಪ್ಪಿತು ಅನ್ನಿಸುವ ಮೊದಲು ಸರಿಹೋಗುತ್ತಿತ್ತು, ಕೇಳುವವರ ಸೊಂಟ ತಾನಾಗಿ ಅಲ್ಲಾಡುತ್ತಿತ್ತು. ಮುಲ್ಕಿಯ ಶರ್ಮಿಳಾ ಅವರು ಕೀಬೋರ್ಡ್ ನುಡಿಸುತ್ತ ಹಾಡಲು ಸೇರಿಕೊಂಡ ಮೇಲೆ ಮೂವರ ತಂಡ ಪೂರ್ತಿಯಾಯಿತು. ದೋಹಾದ ಆ ಹೋಟೆಲಿನ ಲೌಂಜಿನಲ್ಲಿ ಅವರನ್ನು ಕೇಳಿದವರು ಇಂದಿಗೂ ಅದರ ಮಾತಾಡುತ್ತಾರೆ.

೨೦೦೩ರ ರಮ್ಜಾನ್ ತಿಂಗಳಲ್ಲಿ ಆದದ್ದನ್ನು ಇಲ್ಲಿ ಬರೆಯಬೇಕು. ಅಭಿನಂದನ ಗ್ರಂಥದಲ್ಲಿ ಇಂಥದ್ದನ್ನು ಬರೆಯುವ ರೂಢಿಯಿಲ್ಲ. ಬಿಟ್ಟರೆ ತಾನು ಸಮಾರಂಭಕ್ಕೆ ಬರುವುದಿಲ್ಲ ಎಂದು ಲೋಬೊ ಅವರು ಹೇಳಿದ್ದಾರೆ.

ರಮ್ಜಾನಿನಲ್ಲಿ ಹೋಟೆಲುಗಳಲ್ಲಿ ವಾದ್ಯ ನುಡಿಸುವಂತಿಲ್ಲ. ತಂಡಗಳು ತಿಂಗಳಿಡೀ ಖಾಲಿ ಕೂರುತ್ತವೆ, ಈದ್ ದಿನ ಮತ್ತೆ ವೇದಿಕೆ ಹತ್ತುತ್ತವೆ. ಆ ವರ್ಷ ಈದ್ ಮುಗಿದ ಕೂಡಲೇ ರಾಫೆಲ್ ಅವರ ಹೆಂಡತಿಗೆ ಮಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಮೂವರಲ್ಲಿ ಒಬ್ಬರು ಕಡಿಮೆಯಾದರೆ ತಂಡದ ಕರಾರು ಮುರಿಯುತ್ತದೆ, ಬೇರೆ ತಂಡ ಬರುತ್ತದೆ. ಲೋಬೊ ಅವರು ಒಂದು ದಾರಿ ಹುಡುಕಿದರು. ಶರ್ಮಿಳಾ ಅವರ ಕೀಬೋರ್ಡಿನಲ್ಲಿ ಡ್ರಮ್ಮಿನ ಸದ್ದು ತುಂಬಿಸಿಡುವ ಅನುಕೂಲವಿತ್ತು. ಒಮ್ಮೆ ಕೂರಿಸಿ ಫ್ಲಾಪಿ ಡಿಸ್ಕಿಗೆ ಹಾಕಿದರೆ ಅದು ತಾನೇ ನುಡಿಸುತ್ತದೆ. ರಾಫೆಲ್ ತಿರುಗಿ ಬರುವವರೆಗೆ ಒಂದೂವರೆ ತಿಂಗಳು ಯಂತ್ರ ಅವರ ಕೆಲಸ ಮಾಡಲಿ ಎಂದು ಅವರು ಹೋಟೆಲನ್ನು ಒಪ್ಪಿಸಿದರು.

ಉಪವಾಸದ ತಿಂಗಳಿನ ಆ ಮಧ್ಯಾಹ್ನಗಳಲ್ಲಿ ಕಿಟಕಿ ಮುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿ, ಇಬ್ಬರೂ ಮಂಚದ ಮೇಲೆ ಕೂತು ಆ ಕೆಲಸ ಮಾಡಿದರು. ಯಂತ್ರ ತನ್ನ ಪಾಡಿಗೆ ಬಿಟ್ಟರೆ ಗಡಿಯಾರದಂತೆ ನುಡಿಸುತ್ತಿತ್ತು. ಅದಕ್ಕೆ ತಡ ಮಾಡುವುದನ್ನು ಕಲಿಸಬೇಕಿತ್ತು. ರಾಫೆಲ್ ಅವರು ತೊಡೆಯ ಮೇಲೆ ಬಡಿದು ತೋರಿಸುವರು, ಲೋಬೊ ಅವರು ಒಂದೊಂದೇ ಹೊಡೆತವನ್ನು ಚೂರು ಚೂರು ಹಿಂದಕ್ಕೆ ಸರಿಸುವರು.

“ಅಷ್ಟು ಚುರುಕು ಬೇಡ ಮಾರಾಯ. ಅಲ್ಲಿ ನಾನು ಸ್ವಲ್ಪ ಸೋಮಾರಿ.”

“ನೀನು ಎಲ್ಲಾ ಕಡೆ ಸೋಮಾರಿ. ಈಗ ಕೇಳು.”

ರಾಫೆಲ್ ಅವರು ಹೆಡ್‌ಫೋನ್ ಹಾಕಿಕೊಂಡು ಕೇಳಿ ನಕ್ಕರು. “ಥತ್! ಇವನು ನಾನೇ. ಇವನಿಗೆ ಊಟ ಹಾಕುವ ಖರ್ಚೂ ಇಲ್ಲ.”

ಬೇರೆ ಯಾರೇ ಮಾಡಿದ್ದರೂ ಇದು ಯಂತ್ರದ ತಾಳವೆಂದು ಮೊದಲ ಹಾಡಿಗೇ ಗೊತ್ತಾಗುತ್ತಿತ್ತು. ಒಂಬತ್ತು ವರ್ಷ ಆ ಭುಜವನ್ನೇ ನೋಡಿಕೊಂಡು ನುಡಿಸಿದವರು ಮಾಡಿದ್ದರಿಂದ ಗೊತ್ತಾಗಲಿಲ್ಲ. ಗೆಳೆಯನ ಕೆಲಸ ಉಳಿಸಲೆಂದು ಲೋಬೊ ಅವರು ಅದನ್ನು ಬಹಳ ಚೆನ್ನಾಗಿ ಮಾಡಿದರು. ಅವರ ತಪ್ಪು ಅಷ್ಟೇ.

ಹೊಸ ವರ್ಷದ ಮೊದಲ ವಾರ ಹೋಟೆಲಿನ ಮನರಂಜನೆ ನೋಡಿಕೊಳ್ಳುತ್ತಿದ್ದ ತಿರುಮಲೇಶ್ ಅವರು ಲೋಬೊ ಅವರನ್ನು ಕರೆಸಿದರು.

“ಡ್ರಮ್ಮರ್ ಎಲ್ಲಿ ಅಂತ ಒಬ್ಬ ಗೆಸ್ಟೂ ಕೇಳ್ಲಿಲ್ಲ ಸರ್. ಸೌಂಡ್ ಸೇಮ್ ಟು ಸೇಮ್. ಮೇಲಿನವ್ರು ಹೇಳ್ಬಿಟ್ರು, ರಾಫೆಲ್ ವೀಸಾ ಖಲಾಸ್.”

“ಅವನು ಟಿಕೆಟ್ ಮಾಡಿ ಆಗಿದೆ. ಹದಿನೈದಕ್ಕೆ ಬರ್ತಾನೆ.”

“ಕ್ಯಾನ್ಸಲ್ ಮಾಡ್ಸಿ ಸರ್. ನೀವೇ ಫೋನ್ ಮಾಡಿದ್ರೆ ಚೆನ್ನಾಗಿರುತ್ತೆ, ಅಲ್ವಾ?”

ಲೋಬೊ ಅವರೇ ಫೋನ್ ಮಾಡಿದರು. ಹೆಂಡತಿಯ ಹಾಸಿಗೆಯ ಪಕ್ಕದಿಂದ ಮಾತಾಡಿದ ರಾಫೆಲ್ ಅವರು, “ಅವನಿಗೆ ಓವರ್‌ಟೈಮ್ ಕೊಡ್ತಾರಾ?” ಎಂದು ಕೇಳಿದರು. ಲೋಬೊ ಅವರು ಅಂದೇ ಕೆಲಸ ಬಿಡಬಹುದಿತ್ತು. ಇಬ್ಬರು ಹೆಣ್ಣುಮಕ್ಕಳು ನರ್ಸಿಂಗ್ ಓದುತ್ತಿದ್ದರು, ಬಿಡಲಿಲ್ಲ.

ಅಲ್ಲಿಂದ ಮುಂದಿನ ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಡ್ರಮ್ಮುಗಳು ಹೋಟೆಲಿನ ಉಗ್ರಾಣಕ್ಕೆ ಹೋದವು, ಅವುಗಳ ಮೇಲೆ ಹಳೆಯ ಮೇಜುಬಟ್ಟೆ ಹೊದಿಸಿದರು. ಎರಡನೆಯ ಮಂಚ ಖಾಲಿಯಾದ ಕೋಣೆಯಲ್ಲಿ ನಿದ್ದೆ ಬಾರದೆ ಲೋಬೊ ಅವರು ಅಲ್ ಗರಾಫಾದಲ್ಲಿ ಒಂದು ಒಂಟಿ ಕೋಣೆ ಹಿಡಿದರು. ಒಬ್ಬರೇ ಅನ್ನ ಮಾಡಿಕೊಂಡರು, ಒಬ್ಬರೇ ಬಸ್ಸು ಹಿಡಿದರು. ವೇದಿಕೆಯ ಮೇಲೆ ಹಾಡು ತಿರುಗುವ ಕಡೆಯಲ್ಲೆಲ್ಲ ಅವರ ತಲೆ ಅಭ್ಯಾಸಬಲದಿಂದ ಎಡಕ್ಕೆ, ಹಿಂದಕ್ಕೆ ತಿರುಗುತ್ತಿತ್ತು. ಒಮ್ಮೆ ಶರ್ಮಿಳಾ ಅವರು ಹಾಡುಗಳ ನಡುವೆ ಮೈಕಿಗೆ ಕೈ ಅಡ್ಡ ಹಿಡಿದು, “ಲೋಬೊ ಅಂಕಲ್, ಎಂತ ನೋಡ್ತೀರಿ? ಅಲ್ಲಿ ಫ್ಯಾನ್ ಮಾತ್ರ ಉಂಟು” ಎಂದರು. ತಮಾಷೆಗೆ ಹೇಳಿದ ಮಾತು. ಆ ಮೇಲೆ ಅವರು ನೆಲ ನೋಡಿಕೊಂಡು ನುಡಿಸಿದರು. ರಾಫೆಲ್ ಅವರ ಹೊಡೆತ ಪ್ರತಿ ಸಂಜೆ ಅಷ್ಟೇ ತಡವಾಗಿ, ಅಷ್ಟೇ ಚೆಂದವಾಗಿ ಬೀಳುತ್ತಿತ್ತು. ಇವರು ಏನು ನುಡಿಸಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ.

ಶಿಷ್ಯರಿಗೆ ಮಾತ್ರ ಅವರು ಯಂತ್ರ ಮುಟ್ಟಗೊಡಲಿಲ್ಲ. ಮೆಸಯೀದಿನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿರುವ ಗದಗಿನ ಕಲ್ಮೇಶ ಪ್ರತಿ ಶುಕ್ರವಾರ ಕಂಪನಿಯ ಬಸ್ಸಿನಲ್ಲಿ ಬಂದು ಬೇಸ್ ಕಲಿತವರು.

“ಸರ, ಮಷಿನ್ ಹಚ್ಚೂಣೇನ್ರೀ? ತಾಳ ಸಿಗವಲ್ದು.”

“ಬೇಡ. ನಾನು ನುಡಿಸ್ತೇನೆ, ನೀನು ಮೇಜು ಬಡಿ.”

“ನಂದು ತಪ್ಪತೈತ್ರೀ.”

“ತಪ್ಪಲಿ. ತಪ್ಪಿದ್ರೆ ನಿನ್ನ ಮುಖ ಆದ್ರೂ ನೋಡ್ಬಹುದು.”

೨೦೦೬ರಲ್ಲಿ ಕಲ್ಮೇಶರ ತಂದೆ ತೀರಿಕೊಂಡಾಗ ದೇಶ ಬಿಡಲು ಕಂಪನಿಯ ಪರವಾನಗಿ ಸಿಕ್ಕುವಷ್ಟರಲ್ಲಿ ಊರಲ್ಲಿ ಮಣ್ಣು ಮುಗಿದಿತ್ತು. ಸುದ್ದಿ ತಿಳಿದ ಲೋಬೊ ಅವರು ಬೇಸ್ ಹೆಗಲಿಗೆ ಹಾಕಿಕೊಂಡು ಮೆಸಯೀದಿಗೆ ಹೋದರು. ಸಮಾಧಾನದ ಮಾತು ಆಡಲಿಲ್ಲ. ಕಲ್ಮೇಶರ ಕೋಣೆಯಲ್ಲಿ ಕೂತು, ಕರೆಂಟಿಗೆ ಸಿಕ್ಕಿಸದ ಬೇಸನ್ನು ಸಂಜೆಯವರೆಗೆ ನುಡಿಸಿದರು. ಹಾಗೆ ನುಡಿಸಿದರೆ ಪಕ್ಕದಲ್ಲಿ ಕೂತವನಿಗೆ ಮಾತ್ರ ಕೇಳಿಸುತ್ತದೆ.

ಮರುವರ್ಷ ರಾಫೆಲ್ ಅವರಿಗೆ ಬಜಪೆಯಲ್ಲಿ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು. ಅವರ ತಾಳ ಉಳಿದದ್ದು ಆ ಫ್ಲಾಪಿಗಳಲ್ಲಿ ಮಾತ್ರ.

ಈ ಏಪ್ರಿಲಿನಲ್ಲಿ ಲೋಬೊ ಅವರ ಬೀಳ್ಕೊಡುಗೆಯ ದಿನ ನಿಗದಿಯಾದಾಗ ತಿರುಮಲೇಶ್ ಅವರು ಫ್ಲಾಪಿಗಳನ್ನು ಬಿಟ್ಟುಹೋಗಲು ಕೇಳಿದರು. ಮುಂದೆ ಬರುವ ಒಬ್ಬ ಗಾಯಕನಿಗೆ ಅಷ್ಟಿದ್ದರೆ ಸಾಕು, ತಂಡವೇ ಬೇಡ ಎಂಬ ಲೆಕ್ಕ. ಲೋಬೊ ಅವರು ಬಜಪೆಗೆ ಫೋನ್ ಮಾಡಿದರು.

“ಫ್ಲಾಪಿ ಕೇಳ್ತಾ ಇದ್ದಾರೆ. ಮುಂದಿನವನಿಗೆ ಬೇಕಂತೆ.”

“ಅಂದ್ರೆ ನನ್ನನ್ನಾ?”

“ಹೌದು, ನಿನ್ನನ್ನೇ.”

“ನಿನಗೆ ರಿಟೈರ್ಮೆಂಟ್, ನನಗೆ ಡ್ಯೂಟಿಯಾ? ನನ್ನನ್ನೂ ಬಿಡಿಸು ಮಾರಾಯ.”

“ಅಳಿಸಿದ್ರೆ ಮತ್ತೆ ನೀನು ಎಲ್ಲೂ ಇಲ್ಲ, ರಾಫೆಲ್.”

“ಇಲ್ಲದೆ ಐದು ವರ್ಷ ಆಯ್ತಲ್ಲ. ನಿನಗೆ ಈಗ ಗೊತ್ತಾದ್ದಾ?”

ಲೋಬೊ ಅವರು ಎಲ್ಲವನ್ನೂ ಒಮ್ಮೆ ಕೊನೆಯವರೆಗೆ ಕೇಳಿ, ಒಂದೊಂದಾಗಿ ಅಳಿಸಿ, ಖಾಲಿ ಫ್ಲಾಪಿಗಳನ್ನು ತಿರುಮಲೇಶ್ ಅವರ ಮೇಜಿನ ಮೇಲಿಟ್ಟರು. ಇದರಲ್ಲಿದ್ದ ಡ್ರಮ್ ಎಲ್ಲಿ ಎಂದು ಅವರು ಕೇಳಿದಾಗ, “ರಜೆ ಮೇಲೆ ಹೋಗಿದ್ದಾನೆ” ಎಂದರು. ಹೊಸ ಗಾಯಕನ ಜೊತೆ ನುಡಿಸಲು ಹೋಟೆಲು ಈಗ ಒಬ್ಬ ಡ್ರಮ್ಮರನನ್ನು ಹುಡುಕುತ್ತಿದೆ ಎಂದು ಕೇಳಿದ್ದೇವೆ.

ಫಿಡೆಲಿಸ್ ಲೋಬೊ ಅವರ ಬೆರಳ ತುದಿಯ ಗಟ್ಟಿ ಚರ್ಮ ಊರಿನ ಗಾಳಿಗೆ ಮೆತ್ತಗಾಗದಿರಲಿ. ಕುಲಶೇಖರದಿಂದ ಬಜಪೆಗೆ ಬಸ್ಸಿದೆ; ಆ ಬಸ್ಸನ್ನು ಅವರು ಬಹುಕಾಲ, ಗಟ್ಟಿ ಕಾಲಿನಲ್ಲಿ, ಬೇಸ್ ಹೆಗಲಿಗೇರಿಸಿ ಹತ್ತುತ್ತಿರಲಿ. ರಾಫೆಲ್ ಅವರ ಬಲಗೈಗೆ ಮೇಜು ಬಡಿಯುವಷ್ಟು ಶಕ್ತಿ ಇದೆಯಂತೆ. ಎಡಕ್ಕೆ ತಿರುಗಿದಾಗ ಅಲ್ಲಿ ಒಬ್ಬರು ಕೂತಿರಲಿ.

ಅಳಿಸಿದ ಹಾಡುಗಳು ಮೂವತ್ತೆಂಟು. ಬೇರೆ ಪ್ರತಿ ಒಂದೂ ಇಲ್ಲ.